ಹದದ ಗುಟ್ಟು ಹೇಳಿಕೊಟ್ಟರೆ ಹೊಟ್ಟೆಪಾಡು ಹೋಗುವುದಿಲ್ಲವೇ?

ಪ್ರಿಯ ಮಾಷ್ಟ್ರೇ,

ನೀರ್ಚಾಲಿನಿಂದ ನೀವು ಬರೆದ ಕಾಗದ ತಲುಪಿದೆ. ಹೇಳಿ ಮಾಡಿಸುವ ಕತ್ತಿಗಳನ್ನು ಮಾಡುವವರು ಕಸುಬಿನ ಗುಟ್ಟನ್ನು ಕೇಳಿದವರಿಗೆಲ್ಲ ಹೇಳಿಕೊಡುತ್ತಾರೆ ಎಂದು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ನಿಮಗೆ ಹಿಡಿಸಿಲ್ಲ. "ಕಸುಬಿನ ಗುಟ್ಟನ್ನು ಯಾರೂ ಪುಕ್ಕಟೆ ಹೇಳಿಕೊಡುವುದಿಲ್ಲ. ನಮ್ಮೂರ ಆಚಾರಿ ಕತ್ತಿ ಕಾಯಿಸಿ ಅದ್ದಿ ಹದ ಕೊಡುವಾಗ ನಮ್ಮನ್ನು ಹೊರಗೆ ಕಳಿಸುತ್ತಿದ್ದರು" ಎಂದಿದ್ದೀರಿ. ಮೊಮ್ಮಗ ಹಟ್ಟಿಯ ಹಿಂದೆ ಕುಲುಮೆ ಹೂಡಿದ್ದಾನೆ, ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ ಕತ್ತಿಯ ಹರಿತ ನಿಲ್ಲುವುದಿಲ್ಲ, ಯಾರನ್ನು ಕೇಳಲಿ ಎಂದೂ ಕೇಳಿದ್ದೀರಿ.

ಆಚಾರಿಯನ್ನು ದೂರಲು ನನಗೆ ಮನಸ್ಸಿಲ್ಲ. ಸುತ್ತಲಿನ ನಾಲ್ಕು ಗುಡ್ಡದ ತೋಟದವರೇ ಅವರ ಗಿರಾಕಿಗಳು. ಇನ್ನೊಬ್ಬ ಕಲಿತರೆ ಕತ್ತಿ, ಮೆಟ್ಟುಕತ್ತಿಯ ಕೆಲಸ ಅರ್ಧ ಅತ್ತ ಹೋಗುತ್ತಿತ್ತು. ಹೇಳಿ ಮಾಡಿಸುವ ಕತ್ತಿಯವರಿಗೆ ಆ ಭಯ ಕಮ್ಮಿ. ಅವರ ಗಿರಾಕಿ ಯಾವ ದೇಶದಲ್ಲೂ ಇರಬಹುದು. ಹೊಟ್ಟೆ ತುಂಬಿದವರಿಗೆ ಧಾರಾಳತನ ಸುಲಭ ಅಲ್ವಾ ಎಂದು ನೀವು ಹೇಳಿದರೆ ನಾನು ಜಾಸ್ತಿ ವಾದಿಸುವುದಿಲ್ಲ.

ಆದರೂ ಬಿಲ್ ಮೊರಾನ್ ಮಾಡಿದ್ದನ್ನು ನೋಡಿ. ಅಮೆರಿಕದ ಮೇರಿಲ್ಯಾಂಡಿನ ಕತ್ತಿ ಕಸುಬಿನವರು. 1973ರಲ್ಲಿ ಕತ್ತಿ ತಯಾರಕರ ಪ್ರದರ್ಶನಕ್ಕೆ ಡಮಾಸ್ಕಸ್ ಉಕ್ಕಿನ ಕತ್ತಿಗಳನ್ನು ತಂದರು. ಎರಡು ಬಗೆಯ ಉಕ್ಕನ್ನು ಒಂದರ ಮೇಲೊಂದು ಇಟ್ಟು, ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿಯುವ ಕೆಲಸ ಅದು. ಕೊನೆಗೆ ಆಸಿಡ್‌ನಲ್ಲಿ ಅದ್ದಿದರೆ ಪದರಗಳು ನೀರಿನ ಅಲೆಯ ಹಾಗೆ ಎದ್ದು ಕಾಣುತ್ತವೆ. ಅಲ್ಲಿ ಆಗ ಅದನ್ನು ಮಾಡುವವರು ಹೆಚ್ಚುಕಡಿಮೆ ಇರಲೇ ಇಲ್ಲ. ಗುಟ್ಟು ಇಟ್ಟುಕೊಂಡಿದ್ದರೆ ಕೈತುಂಬ ಕಾಸು. ಮೊರಾನ್ ಮಾಡುವ ಕ್ರಮವನ್ನು ಪುಸ್ತಿಕೆಯಾಗಿ ಅಚ್ಚು ಹಾಕಿಸಿ, ಬಂದವರಿಗೆಲ್ಲ ಸುಮ್ನೆ ಹಂಚಿಬಿಟ್ಟರು. ನೀವೂ ಮಾಡಿ ನೋಡಿ ಎಂದರು.

1976ರಲ್ಲಿ ಮೊರಾನ್ ಮತ್ತು ಗೆಳೆಯರು ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಎಂಬ ಕತ್ತಿ ತಯಾರಕರ ಸಂಘ ಕಟ್ಟಿದರು. ಅಲ್ಲಿನ ಪರೀಕ್ಷೆ ಸ್ವಾರಸ್ಯವಾಗಿದೆ. ತೂಗುಬಿಟ್ಟ ಒಂದು ಇಂಚು ದಪ್ಪದ ಹಗ್ಗ ಒಂದೇ ಏಟಿಗೆ ತುಂಡಾಗಬೇಕು. ಮರದ ರೀಪು ಕಡಿಯಬೇಕು. ಅಷ್ಟಾದ ಮೇಲೂ ಕತ್ತಿಯ ಅದೇ ಬಾಯಿ ಕೈಯ ರೋಮ ಬೋಳಿಸಬೇಕು. ಆಮೇಲೆ ವೈಸ್‌ಗೆ ಕಚ್ಚಿಸಿ 90 ಡಿಗ್ರಿ ಬಗ್ಗಿಸುತ್ತಾರೆ, ಮುರಿಯಬಾರದು. ಪುಸ್ತಿಕೆ ಬಾಯಿಪಾಠ ಮಾಡಿದವನೂ ಇಲ್ಲಿ ಫೇಲಾಗಬಹುದು. ಹೇಳಿಕೊಟ್ಟರೆ ಹೇಳಿದವನ ಕೈ ಇನ್ನೊಬ್ಬನಿಗೆ ಬರುವುದಿಲ್ಲ. ಅದು ಗೊತ್ತಿರುವುದರಿಂದಲೇ ಇವರಿಗೆ ಹೇಳಲು ಅಂಜಿಕೆಯಿಲ್ಲ ಎಂದು ನನ್ನ ಲೆಕ್ಕ.

ಸಂಗ್ರಹಕಾರರು ದುಡ್ಡು ಕೊಟ್ಟು ಗಾಜಿನ ಪೆಟ್ಟಿಗೆಯಲ್ಲಿಡುವವರು ಎಂದಿದ್ದೀರಿ. ಅಂಥವರೂ ಇದ್ದಾರೆ. ಆದರೆ ಹೆನ್ರಿ ಮೋಸರ್ ಎಂಬ ಸಂಗ್ರಹಕಾರರ ಹಳೆಯ ಡಮಾಸ್ಕಸ್ ಕತ್ತಿಗಳಲ್ಲಿ ಕೆಲವನ್ನು ಪರೀಕ್ಷೆಗಾಗಿ ತುಂಡರಿಸಲು ಕೊಟ್ಟಿದ್ದರು. 1924ರಲ್ಲಿ ಅದರ ವರದಿ ಬಂತು. ಎಷ್ಟೋ ವರ್ಷದ ಮೇಲೆ ಅವೇ ತುಂಡುಗಳನ್ನು ಜಾನ್ ವೆರ್‌ಹೋವೆನ್ ಎಂಬ ಪ್ರೊಫೆಸರ್ ಮತ್ತೆ ಪರೀಕ್ಷಿಸಿದರು. ಅವರ ಜೊತೆಗಾರ ಆಲ್ ಪೆಂಡ್ರೇ, ಕುದುರೆಗೆ ಲಾಳ ಹೊಡೆಯುವ ಕಸುಬಿನವರು. ಈ ಹಳೆಯ ಡಮಾಸ್ಕಸ್ ಪದರ ಮಡಚಿ ಬಡಿದದ್ದಲ್ಲ, ಮೂಸೆಯಲ್ಲಿ ಕರಗಿಸಿ ಮಾಡಿದ ಉಕ್ಕು. ನಮ್ಮ ದಕ್ಷಿಣದ ಕಡೆಯಿಂದ ಹೋಗುತ್ತಿದ್ದ ಆ ಮೂಸೆ ಉಕ್ಕಿನಲ್ಲಿ ಅಲೆಯಂಥ ಗೆರೆಗಳು ಮೂಡಲು ವನೇಡಿಯಂ ಎಂಬ ಲೋಹದಂಥ ಬೆರಕೆ ಒಂಚೂರು ಇರಬೇಕು ಎಂದು ಇವರಿಬ್ಬರು ತೋರಿಸಿ, ಪ್ರಕಟಿಸಿಯೂ ಬಿಟ್ಟರು.

ಇನ್ನು ಮೊಮ್ಮಗನ ವಿಷಯ. ಕೆಂಪಗೆ ಕಾಯಿಸುತ್ತಾ ನಡುನಡುವೆ ಅಯಸ್ಕಾಂತ ಹಿಡಿಯಲಿ. ಅದು ಅಂಟುವುದು ನಿಂತ ಮೇಲೆ ಇನ್ನೂ ತುಸು ಕಾಯಿಸಿ, ಉಗುರುಬೆಚ್ಚಗಿಂತ ಜಾಸ್ತಿ ಬಿಸಿಯಿರುವ ಅಡುಗೆ ಎಣ್ಣೆಗೆ ಅದ್ದಬೇಕು. ನೀರು ಬೇಡ, ಬಿರುಕು ಬಿಟ್ಟೀತು. ಎಣ್ಣೆಗೆ ಬೆಂಕಿ ಹಿಡಿಯುವುದುಂಟು, ಬೈಹುಲ್ಲಿನ ಹತ್ತಿರ ಈ ಕೆಲಸ ಬೇಡವೇ ಬೇಡ. ತಣಿದ ಮೇಲೆ ಅರ ಉಜ್ಜಿದರೆ ಕಚ್ಚದೆ ಜಾರಬೇಕು. ಜಾರದಿದ್ದರೆ ಗಟ್ಟಿಯಾಗಿಲ್ಲ ಎಂದೇ ಅರ್ಥ, ಹರಿತ ನಿಲ್ಲದ್ದಕ್ಕೆ ಕಾರಣ ಅಲ್ಲೇ ಇರಬಹುದು. ಜಾರಿದರೆ ಕೇಕ್ ಬೇಯಿಸುವ ಓವನ್‌ನಲ್ಲಿ 200 ಡಿಗ್ರಿಗೆ ಎರಡು ಗಂಟೆ ಇಡಲಿ. ಇಲ್ಲದಿದ್ದರೆ ಕೆಳಗೆ ಬಿದ್ದರೂ ಮುರಿಯುತ್ತದೆ.

ಇಷ್ಟೂ ನನ್ನ ಬುದ್ಧಿಯಲ್ಲ, ಕತ್ತಿ ಮಾಡುವವರು ಕೇಳಿದವರಿಗೆಲ್ಲ ಹೇಳುವುದೇ. ಅವನೂ ನೇರ ಅವರನ್ನೇ ಕೇಳಲಿ. ಫೋಟೋ ಕಳಿಸುವಾಗ ಯಾವ ಉಕ್ಕು, ಯಾವ ಎಣ್ಣೆ, ಅರ ಜಾರಿತೋ ಕಚ್ಚಿತೋ, ಮೂರನ್ನೂ ಬರೆಯಲಿ.

— ಸಂ.