ಸರ್ಕಾರಿ ಕಂಪನಿಯ ಮಂಡಳಿಗೆ ನನ್ನನ್ನು ನಿರ್ದೇಶಕನಾಗಿ ನಾಮನಿರ್ದೇಶನ ಮಾಡಿದ್ದಾರೆ. ಸರ್ಕಾರ ಹೇಳಿದ್ದಕ್ಕೆ ಒಪ್ಪಿಗೆ ಕೊಟ್ಟರೆ ಸಾಲದೇ?

ಸಾಲದು. ನಿಮ್ಮನ್ನು ಕಳುಹಿಸಿದ್ದು ಸರ್ಕಾರವೇ ಆದರೂ ಮಂಡಳಿಯಲ್ಲಿ ಕುಳಿತ ಮೇಲೆ ನಿಮ್ಮ ಹೊಣೆ ಕಂಪನಿಗೆ. ಇಂಥ ಮಂಡಳಿಗಳ ನಡಾವಳಿ ಬರೆಯುತ್ತಲೇ ತಲೆ ನರೆಸಿಕೊಂಡ ಕಂಪನಿ ಕಾರ್ಯದರ್ಶಿ ನಾನು. ಈ ಮಾತು ಹೊಸ ನಿರ್ದೇಶಕರಿಗೆ ಸಾಮಾನ್ಯವಾಗಿ ರುಚಿಸುವುದಿಲ್ಲ.

ಮೊದಲು ನಿಮ್ಮ ಸಂಸ್ಥೆ ಯಾವ ಕಾಯ್ದೆಯಡಿ ಸ್ಥಾಪನೆಯಾಗಿದೆ ಎಂದು ನೋಡಿ. ಕೆಎಸ್‌ಆರ್‌ಟಿಸಿಗೆ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆ ಆಧಾರ. ಬೆಸ್ಕಾಂ, ಕೆಎಸ್‌ಡಿಎಲ್‌ಗಳು ಕಂಪನಿಗಳು. ನಿಮ್ಮದೂ ಕಂಪನಿಯಾಗಿದ್ದರೆ 2013ರ ಕಂಪನಿ ಕಾಯ್ದೆಯ 166ನೇ ಕಲಮನ್ನು ಒಮ್ಮೆ ಓದಿ, ಒಂದೇ ಪುಟ. ಪ್ರಾಮಾಣಿಕತೆ, ಎಚ್ಚರಿಕೆ, ಸ್ವತಂತ್ರ ವಿವೇಚನೆ, ಸ್ವಹಿತಾಸಕ್ತಿಯಿಂದ ದೂರ ಇರುವುದು, ಎಲ್ಲವೂ ಅಲ್ಲಿವೆ. ಉಲ್ಲಂಘಿಸಿದರೆ 1 ಲಕ್ಷದಿಂದ 5 ಲಕ್ಷ ರೂಪಾಯಿವರೆಗೆ ದಂಡ.

ತೊಡಕೆಲ್ಲ ಇರುವುದು ಆ ‘ಸ್ವತಂತ್ರ ವಿವೇಚನೆ’ಯಲ್ಲಿ. ಕೋಲ್ ಇಂಡಿಯಾದ ಪ್ರಕರಣವನ್ನೇ ನೋಡಿ. ಸರ್ಕಾರದ ಮಾತಿಗೆ ಮಣಿದು ಕಲ್ಲಿದ್ದಲನ್ನು ಅಗ್ಗದ ದರಕ್ಕೆ ಮಾರುತ್ತಿದ್ದಾರೆ, ಕಂಪನಿಯ ಹಿತ ಕಾಯುವ ಕರ್ತವ್ಯವನ್ನು ನಿರ್ದೇಶಕರು ಮರೆತಿದ್ದಾರೆ ಎಂದು ಲಂಡನ್ನಿನ ಹೂಡಿಕೆ ಸಂಸ್ಥೆ ಟಿಸಿಐ 2012ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿತು. ಅದರ ಬಳಿ ಇದ್ದದ್ದು ಸಣ್ಣ ಪಾಲು, ಬಹುಪಾಲು ಷೇರು ಕೇಂದ್ರ ಸರ್ಕಾರದ್ದು. ಅದೇ ವರ್ಷದ ಏಪ್ರಿಲ್‌ನಲ್ಲಿ, ವಿದ್ಯುತ್ ಸ್ಥಾವರಗಳ ಜತೆಗಿನ ಇಂಧನ ಪೂರೈಕೆ ಒಪ್ಪಂದದ ಬಗ್ಗೆ ಮಂಡಳಿಯಲ್ಲಿ ಒಮ್ಮತ ಮೂಡದಿದ್ದಾಗ, ಸರ್ಕಾರ ರಾಷ್ಟ್ರಪತಿಯ ಹೆಸರಿನಲ್ಲಿ ನಿರ್ದೇಶನ ಹೊರಡಿಸಿತು. ನನ್ನ ದೃಷ್ಟಿಯಲ್ಲಿ ಇದೇ ನೇರವಾದ ದಾರಿ. ಸರ್ಕಾರಕ್ಕೆ ಸಾರ್ವಜನಿಕ ಉದ್ದೇಶವಿದ್ದರೆ ಅದನ್ನು ಲಿಖಿತವಾಗಿ, ತನ್ನ ಹೆಸರಿನಲ್ಲಿ, ತನ್ನ ಹೊಣೆಯ ಮೇಲೆ ಹೇಳಲಿ. ರಾಜ್ಯದ ಕಂಪನಿಗಳ ಅಂತರ್ನಿಯಮಾವಳಿಯಲ್ಲಿ, ಅಂದರೆ ಕಂಪನಿಯ ಒಳಾಡಳಿತದ ನಿಯಮಗಳಲ್ಲಿ, ಸಾಮಾನ್ಯವಾಗಿ ಈ ಅಧಿಕಾರ ರಾಜ್ಯಪಾಲರ ಹೆಸರಿನಲ್ಲಿರುತ್ತದೆ. ಸಚಿವರ ಆಪ್ತ ಸಹಾಯಕರ ದೂರವಾಣಿ ಕರೆಗೆ ಅಂಥ ಯಾವ ಬೆಲೆಯೂ ಇಲ್ಲ. ಹಗರಣ ಹೊರಬಿದ್ದ ದಿನ ಆ ಕರೆ ಬಂದದ್ದು ಯಾರಿಗೂ ನೆನಪಿರುವುದಿಲ್ಲ, ನಡಾವಳಿಯಲ್ಲಿ ನಿಮ್ಮ ಹೆಸರು ಮಾತ್ರ ಉಳಿದಿರುತ್ತದೆ.

ಹಾಗಾಗಿ ಒಪ್ಪದಿದ್ದರೆ ಬಾಯಲ್ಲಿ ಹೇಳಿ ಸುಮ್ಮನಾಗಬೇಡಿ, ಬರೆಸಿ. ಕರಡು ನಡಾವಳಿ ಸಭೆ ಮುಗಿದ 15 ದಿನಗಳೊಳಗೆ ನಿಮಗೆ ಬರಬೇಕು. ಬಂದ 7 ದಿನಗಳೊಳಗೆ ನಿಮ್ಮ ಆಕ್ಷೇಪ ಹೋಗಬೇಕು. ಕಾರ್ಯನಿರ್ವಾಹಕರಲ್ಲದ, ಅಂದರೆ ದಿನನಿತ್ಯದ ಆಡಳಿತ ನೋಡದ, ನಿರ್ದೇಶಕರಿಗೆ ಅದೇ ಕಂಪನಿ ಕಾಯ್ದೆಯ 149(12)ನೇ ಕಲಮಿನ ರಕ್ಷಣೆ ಇದೆ, ಆದರೆ ಗೊತ್ತಿದ್ದೂ ಸುಮ್ಮನಿದ್ದವರಿಗೆ, ಶ್ರದ್ಧೆ ವಹಿಸದವರಿಗೆ ಅದು ಸಿಗದು. ಸಭೆಗೇ ಹೋಗದೆ ತಪ್ಪಿಸಿಕೊಳ್ಳುವ ಜಾಣತನವೂ ನಡೆಯುವುದಿಲ್ಲ: 12 ತಿಂಗಳ ಎಲ್ಲ ಸಭೆಗಳಿಗೂ ಗೈರಾದರೆ ಸ್ಥಾನ ತಾನಾಗಿಯೇ ತೆರವಾಗುತ್ತದೆ.

ಕೊನೆ ಗಳಿಗೆಯಲ್ಲಿ ಮೇಜಿನ ಮೇಲಿಡುವ ವಿಷಯಗಳ ಬಗ್ಗೆ ವಿಶೇಷ ಎಚ್ಚರವಿರಲಿ. ಅದರಲ್ಲೂ ಟೆಂಡರ್ ಇಲ್ಲದೆ ಖರೀದಿಸಲು ಕರ್ನಾಟಕದ ಸಾರ್ವಜನಿಕ ಖರೀದಿಗಳ ಪಾರದರ್ಶಕತೆ ಕಾಯ್ದೆಯ 4(ಜಿ) ಕಲಮಿನ ವಿನಾಯಿತಿ ಕೋರುವ ಪ್ರಸ್ತಾವವಾದರೆ, ಮುಂದಿನ ಸಭೆಗೆ ಇಡಿ ಎನ್ನಿ. ತುರ್ತು ಎನ್ನುತ್ತಾರೆ, ಯಾಕೆ ತುರ್ತು ಎಂಬುದನ್ನೂ ಬರೆದುಕೊಡಲಿ.

ಮೊದಲ ಸಭೆಗೆ ಮುನ್ನ ಅಂತರ್ನಿಯಮಾವಳಿ, ಹಿಂದಿನ ನಡಾವಳಿಗಳು, ಲೆಕ್ಕಪತ್ರದ ಮೇಲಿನ ಸಿಎಜಿ ಟಿಪ್ಪಣಿಗಳನ್ನು ತರಿಸಿಕೊಳ್ಳಿ. ನಿಮಗೆ ಬೇರೆ ಸಂಸ್ಥೆಗಳಲ್ಲಿ ಪಾಲಿದ್ದರೆ ಅದನ್ನು ಆ ಸಭೆಯಲ್ಲೇ ಎಂಬಿಪಿ-1 ನಮೂನೆಯಲ್ಲಿ ಘೋಷಿಸಿಬಿಡಿ.