ಸರ್ಕಾರ ಎಲ್ಲರ ಫೋನನ್ನೂ ನೋಡುತ್ತಿದೆ ಅನ್ನುವ ಸುದ್ದಿಗಳನ್ನು ಎಷ್ಟು ನಂಬಬೇಕು?

ಸರ್ಕಾರ ಎಲ್ಲವನ್ನೂ ನೋಡುತ್ತದೆ ಎಂದು ಚಾನೆಲ್‌ಗಳು ಹೇಳುವುದು ನಿಜವಾ, ಇಲ್ಲ ಸುಮ್ನೆ ಹೆದರಿಸುತ್ತಾರಾ ಎಂದು ಕೇಳಿದ್ದೀರಿ. ಇಂಟರ್ನೆಟ್‌ನಲ್ಲಿ ಏನಾದರೂ ಹುಡುಕುವುದಕ್ಕೂ ಈಗ ಭಯ ಆಗುತ್ತದೆ ಎಂದೂ ಬರೆದಿದ್ದೀರಿ.

ಕಣ್ಗಾವಲು ನಿಜ. ಆದರೆ ಹೆದರಿಸುವ ಸುದ್ದಿಗಳ ಗದ್ದಲದಲ್ಲಿ ಯಾರು, ಯಾರ ಮೇಲೆ, ಏನು ಮಾಡುತ್ತಿದ್ದಾರೆ ಅನ್ನುವುದೇ ಮುಚ್ಚಿಹೋಗುತ್ತದೆ. ನನಗೆ ಸಿಟ್ಟು ಬರುವುದು ಅದಕ್ಕೇ.

2013ರ ಜೂನ್‌ನಲ್ಲಿ, ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎಗೆ ಗುತ್ತಿಗೆಯ ಮೇಲೆ ಕೆಲಸ ಮಾಡುತ್ತಿದ್ದ ಎಡ್ವರ್ಡ್ ಸ್ನೋಡೆನ್ ಕೊಟ್ಟ ರಹಸ್ಯ ದಾಖಲೆಗಳು ಹೊರಬಂದವು. ಎನ್‌ಎಸ್‌ಎ ಎಲ್ಲರ ಮಾತನ್ನೂ ಕದ್ದು ಕೇಳುತ್ತಿದೆ ಎಂದೇ ಎಷ್ಟೋ ಜನ ಅರ್ಥ ಮಾಡಿಕೊಂಡರು. ನಿಮ್ಮ ಕರೆಗಳನ್ನು ಯಾರೂ ಕೇಳುತ್ತಿಲ್ಲ ಎಂದು ಅಧ್ಯಕ್ಷ ಒಬಾಮ ಹೇಳಿದರು. ಆ ದಾಖಲೆಗಳಲ್ಲಿದ್ದ ಫೋನ್ ಕರೆಗಳ ಯೋಜನೆಯ ಮಟ್ಟಿಗೆ ಅದು ಸರಿಯಾಗಿಯೇ ಇತ್ತು. ಅಲ್ಲಿ ಸಂಗ್ರಹ ಆಗುತ್ತಿದ್ದದ್ದು ಮಾತಲ್ಲ, ಯಾರು ಯಾರಿಗೆ ಯಾವಾಗ ಎಷ್ಟು ಹೊತ್ತು ಕರೆ ಮಾಡಿದರು ಅನ್ನುವ ಲೆಕ್ಕ. ಕೋಟಿಗಟ್ಟಲೆ ಜನರದ್ದು, ಯಾವ ತಪ್ಪೂ ಮಾಡದವರದ್ದೂ ಸೇರಿ. ನೀವು ಯಾವ ಡಾಕ್ಟರಿಗೆ, ಯಾವ ವಕೀಲರಿಗೆ ಪದೇ ಪದೇ ಕರೆ ಮಾಡುತ್ತೀರಿ ಎಂದು ಗೊತ್ತಾದರೆ ಸಾಕು, ಮಾತು ಕೇಳಬೇಕಾಗಿಯೇ ಇಲ್ಲ. ಸುದ್ದಿ ಉತ್ಪ್ರೇಕ್ಷೆ ಆದಾಗ ಸರ್ಕಾರಕ್ಕೆ ಅದನ್ನು ಅಲ್ಲಗಳೆಯುವುದು ಎಷ್ಟು ಸುಲಭ ನೋಡಿ.

ಮುಂದೆ ನಡೆದದ್ದಕ್ಕೆ ಅಷ್ಟು ದೊಡ್ಡ ತಲೆಬರಹ ಸಿಗಲಿಲ್ಲ. ಭಯೋತ್ಪಾದನೆಯ ಒಂದೇ ಒಂದು ತನಿಖೆಯಲ್ಲೂ ಆ ಕರೆಗಳ ಲೆಕ್ಕದಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಆದದ್ದು ಕಾಣಲಿಲ್ಲ ಎಂದು 2014ರಲ್ಲಿ ಅಲ್ಲಿನ ಸರ್ಕಾರದ್ದೇ ಸ್ವತಂತ್ರ ಮಂಡಳಿ ವರದಿ ಕೊಟ್ಟಿತು. 2015ರಲ್ಲಿ ಹೊಸ ಕಾನೂನು ತಂದು ಆ ಸಾರಾಸಗಟು ಸಂಗ್ರಹವನ್ನು ನಿಲ್ಲಿಸಿದರು. ಆ ಯೋಜನೆ ಕಾನೂನುಬಾಹಿರವಾಗಿತ್ತು ಎಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ಹೇಳಿತು. ಇದೆಲ್ಲ ಆದದ್ದು ಪತ್ರಕರ್ತರು ದಾಖಲೆ ಹಿಡಿದು ಬರೆದದ್ದರಿಂದ. ಹಾಗಾಗಿ ಮಾಧ್ಯಮದವರೆಲ್ಲ ಹೆದರಿಸುವವರು ಎಂದು ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ.

ಇನ್ನು ಪೆಗಾಸಸ್‌ನಂಥ ಬೇಹು ತಂತ್ರಾಂಶ. ಇದು ಫೋನಿನ ಒಳಗೇ ಕೂರುವುದರಿಂದ ಎನ್‌ಕ್ರಿಪ್ಟ್ ಆದ, ಅಂದರೆ ದಾರಿಯಲ್ಲಿ ಬೇರೆ ಯಾರೂ ಓದಲಾಗದಂತೆ ಗೂಢಲಿಪಿಗೆ ಬದಲಾದ ಸಂದೇಶವನ್ನೂ ಓದಬಲ್ಲದು. ಆದರೆ ಇದು ದುಬಾರಿ, ಆಯ್ದ ಜನರ ಮೇಲೆ ಬಳಸುವಂಥದ್ದು. 2019ರಲ್ಲಿ ವಾಟ್ಸಾಪ್ ಅದರ ತಯಾರಕರ ಮೇಲೆ ಕೇಸು ಹಾಕಿದಾಗ ಹೇಳಿದ್ದು ಸುಮಾರು 1,400 ಫೋನುಗಳ ಬಗ್ಗೆ. ಪತ್ರಕರ್ತರು, ವಕೀಲರು, ಹೋರಾಟಗಾರರ ಫೋನುಗಳು ಅದರಲ್ಲಿದ್ದವು. ನಮ್ಮ ಪರವಾಗಿ ಪ್ರಶ್ನೆ ಕೇಳುವವರು ಇವರೇ ಅಲ್ವಾ? ಗುರಿ ನಾವಲ್ಲ ಎಂದು ನಿರಾಳವಾಗಿ ಕೂರುವ ವಿಷಯ ಇದಲ್ಲ.

ನಿಮ್ಮ ಭಯದ ಬಗ್ಗೆ ಒಂದು ಮಾತು. ಸ್ನೋಡೆನ್ ಸುದ್ದಿಯ ನಂತರ ವಿಕಿಪೀಡಿಯಾದಲ್ಲಿ ಭಯೋತ್ಪಾದನೆಗೆ ಸಂಬಂಧಿಸಿದ ಲೇಖನಗಳನ್ನು ಓದುವವರ ಸಂಖ್ಯೆ ಗಣನೀಯವಾಗಿ ಇಳಿಯಿತು ಎಂದು 2016ರ ಒಂದು ಅಧ್ಯಯನ ತೋರಿಸಿತು. ಯಾರೂ ತಡೆದಿರಲಿಲ್ಲ, ಜನರೇ ಹಿಂದೆ ಸರಿದರು. ನೀವು ಹಾಗೆ ಸರಿಯಬೇಡಿ. ತಿಳಿದುಕೊಳ್ಳಬೇಕು ಅನ್ನಿಸಿದ್ದನ್ನು ಹುಡುಕಿ, ಓದಿ. ಫೋನಿನ ಅಪ್‌ಡೇಟ್ ಬಂದ ಕೂಡಲೇ ಹಾಕಿಕೊಳ್ಳಿ. ಮುಂದಿನ ಸಲ ಇಂಥ ಸುದ್ದಿ ಕಂಡರೆ ಯಾವ ಸಂಸ್ಥೆ, ಯಾವ ಕಾನೂನಿನಡಿ, ಏನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ಅದರಲ್ಲಿ ಹೇಳಿದ್ದಾರಾ ನೋಡಿ. ಹೇಳಿದ್ದರೆ ಪೂರ್ತಿ ಓದಿ, ನಾಲ್ಕು ಜನರಿಗೆ ಕಳಿಸಿ.