ಸೋತವರ ಕೈಬರಹ

ರೋಮನ್ನರ ಕೈಗೆ ಸಿಗುವುದಕ್ಕಿಂತ ಸಾವೇ ಮೇಲೆಂದು ಯೆಹೂದಿ ಬಂಡುಕೋರರು ಪ್ರಾಣ ಬಿಟ್ಟ ಮಸಾದ ಕೋಟೆಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಸಾಗರದ ಓದುಗರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಅವರ ಆಕ್ಷೇಪದ ತಿರುಳು ಇಷ್ಟು: ‘ರೋಮನ್ನರ ವಿರುದ್ಧ ಯೆಹೂದಿಗಳು ಎದ್ದ ಕಥೆಯನ್ನು ಇಡಿಯಾಗಿ ಜೋಸೆಫಸ್ ಎಂಬೊಬ್ಬನ ಬಾಯಿಂದಲೇ ಹೇಳಿಸಿದ್ದೀರಿ. ಅವನು ಶತ್ರುವಿಗೆ ಶರಣಾದವನು. ಬಂಡೆದ್ದವರು ತಾವೇ ಬರೆದದ್ದು ಒಂದು ಸಾಲೂ ಉಳಿದಿಲ್ಲವೇ?’

ಮಾನ್ಯರೇ, ಆಕ್ಷೇಪ ಒಪ್ಪಿದೆ. ಜೋಸೆಫಸ್ ಕ್ರಿ.ಶ. 66ರ ದಂಗೆಯಲ್ಲಿ ಯೆಹೂದಿಗಳ ಕಡೆಯಿಂದ ಗಲಿಲಾಯ ಸೀಮೆಯ ದಂಡನಾಯಕ. ಮರುವರ್ಷ ಯೋದ್ಫತ್ ಊರು ಬಿದ್ದಾಗ ನಲವತ್ತು ಜನರೊಂದಿಗೆ ಗುಹೆಯಲ್ಲಿ ಅಡಗಿದ. ಸೆರೆಯಾಗುವುದಕ್ಕಿಂತ ಸಾಯುವುದೇ ಮೇಲೆಂದು ಉಳಿದವರು ಪಟ್ಟು ಹಿಡಿದರು. ಚೀಟಿ ಎತ್ತಿ ಒಬ್ಬರನ್ನೊಬ್ಬರು ಕೊಂದುಕೊಂಡರು. ಕೊನೆಗೆ ಉಳಿದವರು ಇಬ್ಬರೇ, ಅವರಲ್ಲೊಬ್ಬ ಜೋಸೆಫಸ್! (ಕಂಪ್ಯೂಟರ್ ವಿದ್ಯಾರ್ಥಿಗಳು ಇಂದಿಗೂ ಬಿಡಿಸುವ ‘ಜೋಸೆಫಸ್ ಸಮಸ್ಯೆ’ಗೆ ಹೆಸರು ಬಂದದ್ದು ಇಲ್ಲಿಂದ.) ಆಮೇಲೆ ರೋಮನ್ ಸೇನಾಪತಿ ವೆಸ್ಪಾಸಿಯನ್‌ಗೆ ಶರಣಾಗಿ, ನೀನು ಚಕ್ರವರ್ತಿಯಾಗುತ್ತೀ ಎಂದು ಭವಿಷ್ಯ ನುಡಿದ. 69ರಲ್ಲಿ ಅದು ನಿಜವೂ ಆಯಿತು. ಅದೇ ಮನೆತನದ ಆಶ್ರಯದಲ್ಲಿ ರೋಮ್‌ನಲ್ಲಿ ಕುಳಿತು ಇತಿಹಾಸ ಬರೆದ. ಮಸಾದದ 960 ಜನ ಸತ್ತ ಬಗೆಯನ್ನು ಹೇಳುವಾಗಲೂ ಅವನ ಲೇಖನಿಗೆ ಚೀಟಿ ಎತ್ತುವ ದೃಶ್ಯವೇ ಬರುತ್ತದೆ. ನಮ್ಮ ಲೇಖನದಲ್ಲಿ ಈ ಹೋಲಿಕೆಯನ್ನು ಎತ್ತಿ ತೋರಿಸಬೇಕಿತ್ತು, ತೋರಿಸಲಿಲ್ಲ.

ಹಾಗೆಂದು ಅವನನ್ನು ಬದಿಗೆ ಸರಿಸಲಾಗದು. ರೋಮನ್ ಪ್ರಾಂತಾಧಿಕಾರಿ ಫ್ಲೋರಸ್ ಯೆಹೂದಿಗಳ ಜೆರುಸಲೇಮ್ ದೇವಾಲಯದ ಭಂಡಾರದಿಂದ 17 ತಲಾಂತು (ಹಣವನ್ನು ತೂಕದಲ್ಲಿ ಎಣಿಸುವ ಅಂದಿನ ದೊಡ್ಡ ಅಳತೆ) ಎತ್ತಿಕೊಂಡದ್ದನ್ನು, ಅದರಿಂದ ಜೆರುಸಲೇಮ್ ಹೊತ್ತಿ ಉರಿದದ್ದನ್ನು ದಾಖಲಿಸಿದವನೂ ಅವನೇ. ಆಶ್ರಯದಾತರ ಉಪ್ಪು ತಿಂದವನಾದರೂ ರೋಮನ್ ಅಧಿಕಾರಿಯ ಕಳ್ಳತನವನ್ನು ಮುಚ್ಚಿಡಲಿಲ್ಲ.

ಇನ್ನು ನಿಮ್ಮ ಪ್ರಶ್ನೆ. ಮೊದಲ ದಂಗೆಯವರ ಮಾತು ನಾಣ್ಯಗಳ ಮೇಲೆ ಉಳಿದಿದೆ. ‘ಇಸ್ರೇಲಿನ ಶೆಕೆಲ್’ (ಶೆಕೆಲ್ ಎಂದರೆ ಯೆಹೂದಿಗಳ ನಾಣ್ಯ), ‘ಪವಿತ್ರ ಜೆರುಸಲೇಮ್’ ಎಂದು ಬೆಳ್ಳಿಯಲ್ಲಿ ಅಚ್ಚು ಹಾಕಿಸಿದ್ದರು. ಬೆಳ್ಳಿ ನಾಣ್ಯಗಳು ದಂಗೆಯ ಐದನೆಯ ವರ್ಷಕ್ಕೆ ನಿಲ್ಲುತ್ತವೆ. ಅದು 70, ದೇವಾಲಯ ಸುಟ್ಟ ವರ್ಷ.

ಆದರೆ ನೀವು ಹುಡುಕುತ್ತಿರುವ ಕೈಬರಹ ಸಿಕ್ಕಿದ್ದು ಎರಡನೆಯ ದೊಡ್ಡ ದಂಗೆಯದು. ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ, 132ರಿಂದ 135ರವರೆಗೆ ನಡೆದದ್ದು. ಅದರ ನಾಯಕನನ್ನು ಅಭಿಮಾನಿಗಳು ಬಾರ್ ಕೊಖ್ಬಾ, ಅಂದರೆ ನಕ್ಷತ್ರಪುತ್ರ ಎಂದರು. ಸೋತ ಮೇಲೆ ಬಾರ್ ಕೊಜಿಬಾ, ಸುಳ್ಳಿನ ಮಗ ಎಂಬ ಹೆಸರೂ ಅಂಟಿತು. 1950ರ ದಶಕದಿಂದ ಮೃತ ಸಮುದ್ರದ ಪಕ್ಕದ ಕಣಿವೆಗಳ ಗುಹೆಗಳಲ್ಲಿ ಅವನ ಪತ್ರಗಳೇ ಹೊರಬಂದಾಗ ತಿಳಿಯಿತು: ಅವನು ನಕ್ಷತ್ರವೂ ಅಲ್ಲ, ಸುಳ್ಳೂ ಅಲ್ಲ, ಶಿಮೋನ್ ಬಾರ್ ಕೊಸಿಬಾ. 1960ರಲ್ಲಿ ಪುರಾತತ್ವಜ್ಞ ಯಿಗಾಯೆಲ್ ಯಾದಿನ್ ತಂಡಕ್ಕೆ ಅಂಥದೇ ಕಣಿವೆಯಾದ ನಹಾಲ್ ಹೆವೆರ್‌ನ ಗುಹೆಯಲ್ಲಿ ಪತ್ರಗಳ ಕಟ್ಟು ದೊರೆಯಿತು. ಅಲ್ಲೇ ಅಡಗಿದ್ದವರ ಮನೆಗಳ ಬೀಗದ ಕೈಗಳೂ ಸಿಕ್ಕವು. ಬೀಗ ಹಾಕಿ ಬಂದವರಿಗೆ ಮರಳಿ ಹೋಗುವ ನಂಬಿಕೆ ಇದ್ದಿರಬೇಕು.

ಆ ಪತ್ರಗಳಲ್ಲಿ ವೀರಾವೇಶ ಹುಡುಕಿದರೆ ನಿಮಗೆ ನಿರಾಶೆಯಾಗುತ್ತದೆ. ಅವನು ಗದರುತ್ತಾನೆ. ನಾನು ಹೇಳಿದಂತೆ ನಡೆಯದಿದ್ದರೆ ಕಾಲಿಗೆ ಬೇಡಿ ಹಾಕಿಸುತ್ತೇನೆ ಎಂದು ಒಬ್ಬನಿಗೆ. ಇಸ್ರೇಲ್ ಮನೆತನದ ಸೊತ್ತನ್ನು ತಿಂದು ಕುಡಿದು ಕುಳಿತಿದ್ದೀರಿ, ನಿಮ್ಮ ಸೋದರರ ಚಿಂತೆ ನಿಮಗಿಲ್ಲ ಎಂದು ಮೃತ ಸಮುದ್ರದ ದಡದ ಊರಾದ ಏನ್ ಗೆದಿಯ ಅಧಿಕಾರಿಗಳಿಗೆ. ರೋಮನ್ ಇತಿಹಾಸಕಾರ ಕ್ಯಾಸಿಯಸ್ ಡಿಯೊ ಈ ಯುದ್ಧದಲ್ಲಿ 985 ಹಳ್ಳಿಗಳು ನೆಲಸಮವಾದವು, 5,80,000 ಜನ ಕತ್ತಿಗೆ ಬಲಿಯಾದರು ಎನ್ನುತ್ತಾನೆ. ಲೆಕ್ಕ ಉಬ್ಬಿಸಿದ್ದಿರಬಹುದು. ನನಗೆ ಆ ಅಂಕಿಗಿಂತ ಹೆಚ್ಚು ನಾಟಿದ್ದು ಅರಾಮಿಕ್ ಭಾಷೆಯ ಒಂದು ಪುಟ್ಟ ಪತ್ರ.

ಯೆಹೂದಿಗಳ ಪರ್ಣಶಾಲೆಗಳ ಹಬ್ಬ ಹತ್ತಿರ ಬಂದಿರಬೇಕು; ಅದರ ಆಚರಣೆಗೆ ಖರ್ಜೂರದ ಗರಿ, ಮಾದಲ, ಮರ್ಟಲ್, ನೀರವಂಜಿ ಈ ನಾಲ್ಕೂ ಬೇಕು. ಶಿಮೋನ್ ಯೆಹೂದಾ ಎಂಬವನಿಗೆ ಬರೆಯುತ್ತಾನೆ: ಎರಡು ಕತ್ತೆ ಕಳಿಸಿದ್ದೇನೆ. ಅವುಗಳೊಂದಿಗೆ ಇಬ್ಬರನ್ನು ಏನ್ ಗೆದಿಯವರ ಬಳಿಗೆ ಅಟ್ಟಿ ಖರ್ಜೂರದ ಗರಿ, ಮಾದಲ ಹಣ್ಣು ಹೇರಿಸಿ ತರಿಸು. ಮರ್ಟಲ್, ನೀರವಂಜಿ ಟೊಂಗೆಗಳನ್ನು ನಿನ್ನ ಕಡೆಯಿಂದಲೇ ಒದಗಿಸು. ದಶಮಾಂಶ (ಧರ್ಮಕ್ಕೆ ಮೀಸಲಾದ ಹತ್ತನೆಯ ಒಂದು ಪಾಲು) ತೆಗೆದಿಟ್ಟೇ ಶಿಬಿರಕ್ಕೆ ಕಳಿಸು. ಸೈನ್ಯ ದೊಡ್ಡದಿದೆ.